ಸ್ಟೋರ್ ರೂಮಿನಲ್ಲಿ ಬೀಗ ಹಾಕಿಟ್ಟ ನಮ್ಮ ಗಾಲಿಕುರ್ಚಿಗಳು

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಗಾಲಿಕುರ್ಚಿಗಳನ್ನು ತಾವು ಸ್ಟೋರ್ ರೂಮಿಗೆ ತಳ್ಳಿಸಿ ಬೀಗ ಹಾಕಿಸಿದ್ದೀರಿ. ನಮ್ಮ ಬಾಸ್ಕೆಟ್‌ಬಾಲ್ ಆಟ ನಿಂತುಹೋಗಿದೆ. ಅಂದಿನಿಂದ ನಾವು ಆಟಗಾರರೆಲ್ಲ ಮಂಚದ ಮೇಲೇ ಇದ್ದೇವೆ, ಮತ್ತು ನನಗೆ ಹೆದರಿಕೆಯಾಗಿದೆ. ಪತ್ರ ಬರೆಯುವವರು ಮೊದಲು ಕ್ಷೇಮಸಮಾಚಾರ ವಿಚಾರಿಸುವುದು ಪದ್ಧತಿ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ತಾವು ವಾರ್ಡಿನ ಗೋಡೆಗೆ ಅಂಟಿಸಿದ ಆದೇಶದಲ್ಲಿ 'ರೋಗಿಗಳ ಕ್ಷೇಮದ ದೃಷ್ಟಿಯಿಂದ' ಎಂದು ಓದಿದ ಮೇಲೆ ಆ ಪದ ಕಿವಿಗೆ ಬಿದ್ದರೆ ಸಾಕು, ಬೆನ್ನು ತಣ್ಣಗಾಗುತ್ತದೆ. ಬೆನ್ನಿನ ಮೇಲರ್ಧ ಮಾತ್ರ. ಕೆಳಗರ್ಧಕ್ಕೆ ಯಾವ ಸುದ್ದಿಯೂ ತಲುಪುವುದಿಲ್ಲ.

ಇದನ್ನು ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ, ಇವನು ಏಕೆ ಬರೆಯುತ್ತಿದ್ದಾನೆಂದು ತಮಗೆ ಆಶ್ಚರ್ಯವಾದೀತು. ಇಂಗ್ಲಿಷಿನಲ್ಲಿ ಅರ್ಜಿ ಬರೆದೆವು. ಮುಂಬಯಿಯ ಫೋರ್ಟಿನಲ್ಲಿರುವ ತಮ್ಮ ಕಚೇರಿಗೆ ತಲುಪಿತೆಂದರು. ಮರಾಠಿಯಲ್ಲಿ ಇನ್ನೊಂದು ಬರೆಸಿದೆವು, ಅದೂ ತಲುಪಿತಂತೆ. ತಲುಪುವ ಕೆಲಸದಲ್ಲಿ ನಮ್ಮ ಅರ್ಜಿಗಳು ಎಂದೂ ಸೋತಿಲ್ಲ. ಆಮೇಲೆ ನೆನಪಾಯಿತು, ಪ್ರದರ್ಶನ ಪಂದ್ಯದ ದಿನ ತಾವು ಮೈಕಿನ ಮುಂದೆ ನಿಂತು, "ನಾನೂ ಧಾರವಾಡದ ಕಡಿಯಂವನ, ನಿಮ್ಮಂವನ," ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದಿರಿ. ನಮ್ಮವರೇ ಆದ ಮೇಲೆ ನಮ್ಮ ಮಾತಿನಲ್ಲೇ ಕೇಳೋಣವೆಂದು ಬರೆಯಲು ಕೂತೆ. ಕೂತೆ ಅನ್ನುವುದು ಹಳೆಯ ಅಭ್ಯಾಸ. ಕೂರಲು ಕುರ್ಚಿಯೆಲ್ಲಿದೆ? ಬೋರಲು ಮಲಗಿ, ಎದೆಯ ಕೆಳಗೆ ದಿಂಬಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಪತ್ರಿಕೆಯವರು ನೆಟ್ಟಗೆ ಮಾಡಿ ಅಚ್ಚು ಹಾಕುತ್ತಾರೆಂಬ ಧೈರ್ಯವಿದೆ.

ನಾನು ಹಗಲು ಪರೇಲಿನ ಒಂದು ಗಿರಣಿಯಲ್ಲಿ ಗುಮಾಸ್ತನಾಗಿದ್ದೆ, ಸಂಜೆ ಗೋರೆಗಾಂವಿನ ಕನ್ನಡ ರಾತ್ರಿಶಾಲೆಯಲ್ಲಿ ಮಾಸ್ತರ. ಹೋಟೆಲುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದು ದಣಿದು ಬಂದವರಿಗೆ ವ್ಯಾಕರಣ ಹೇಳಿ ನಿದ್ದೆ ಬರಿಸುವುದು ನನ್ನ ಉದ್ಯೋಗ. ಒಂದು ಸಂಜೆ ಶಾಲೆಗೆ ಹೊರಟವನು ಜೋಗೇಶ್ವರಿ ದಾಟಿದ ಮೇಲೆ ಲೋಕಲ್ ರೈಲಿನ ಬಾಗಿಲಿನಿಂದ ಹೊರಗೆ ಬಿದ್ದೆ. ಯಾರೂ ದೂಡಲಿಲ್ಲ. ಒಳಗಿದ್ದವರು ಒಟ್ಟಿಗೆ ಉಸಿರು ಬಿಟ್ಟರೆ ಬಾಗಿಲಲ್ಲಿದ್ದವನು ಹೊರಗೆ ಹೋಗುವುದು ಈ ಊರಿನ ರೂಢಿ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗಿರುವುದು ನನ್ನದೇ ಎಂದು ನೋಡಿ ಗುರುತಿಸಬಲ್ಲೆ, ಅಷ್ಟೇ.

ಮೊದಲು ನನ್ನನ್ನು ಇಟ್ಟಿದ್ದ ಆಸ್ಪತ್ರೆಯಲ್ಲಿ ಪಕ್ಕದ ಮಂಚದವನು ಬಂದರಿನ ಹಮಾಲ. ಅವನಿಗೂ ನನ್ನಂತೆಯೇ ಬೆನ್ನು ಮುರಿದಿತ್ತು. ಅವನು ಬೆನ್ನು ಮುರಿದು ಸಾಯಲಿಲ್ಲ, ಮಲಗಿ ಸತ್ತ. ಇದು ಹೇಗೆಂದು ತಮಗೆ ತಿಳಿದಂತಿಲ್ಲ, ಹೇಳುತ್ತೇನೆ. ಈ ಪತ್ರ ಓದಲು ತೊಡಗಿದ ಮೇಲೆ ತಾವು ಒಂದೆರಡು ಸಲವಾದರೂ ಕುರ್ಚಿಯಲ್ಲಿ ಮಿಸುಕಾಡಿರುತ್ತೀರಿ, ಕಾಲ ಮೇಲಿನ ಕಾಲು ಬದಲಿಸಿರುತ್ತೀರಿ. ಅದು ತಮ್ಮ ಜಾಣತನವಲ್ಲ. ಅಡಿಯ ಚರ್ಮ ನೊಂದು ದೂರು ಕೊಡುತ್ತದೆ, ಮೈ ತಾನಾಗಿ ಸರಿಯುತ್ತದೆ. ನಮ್ಮ ಚರ್ಮಕ್ಕೆ ದೂರು ಕೊಡಲು ಬಾಯಿಲ್ಲ. ಮೈಯ ಭಾರಕ್ಕೇ ಅದು ಕೆಂಪಾಗುತ್ತದೆ, ಕಪ್ಪಾಗುತ್ತದೆ, ಕೊಳೆಯುತ್ತದೆ. ಒಳಗಿನ ಮೂಳೆ ಹೊರಗೆ ಕಾಣುವ ತನಕವೂ ನಾವು ಪಕ್ಕದವನ ಜೊತೆ ಸಿನಿಮಾದ ಮಾತಾಡುತ್ತ ಇರುತ್ತೇವೆ. ಆ ಹಮಾಲನ ಮಂಚದಿಂದ ಬರುತ್ತಿದ್ದ ವಾಸನೆಯನ್ನು ಎಷ್ಟು ಫಿನಾಯಿಲ್ ಸುರಿದರೂ ಮುಚ್ಚಲಾಗಲಿಲ್ಲ. ಅಂದಿನಿಂದ ನನಗೆ ರೈಲೆಂದರೆ ಭಯವಿಲ್ಲ, ಮಂಚವೆಂದರೆ ಭಯ.

ಸಾಂತಾಕ್ರೂಜ್‌ನ ಈ ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ನಮ್ಮನ್ನು ಮಂಚದಿಂದ ಇಳಿಸಿದವನು ಚೆನ್ನಯ. ಮಂಗಳೂರು ಕಡೆಯ ಸಿಪಾಯಿ. ಬಾಂಗ್ಲಾ ಯುದ್ಧದಲ್ಲಿ ಬೆನ್ನಿಗೆ ಗುಂಡು ತಿಂದು, ಗಾಯಾಳು ಸೈನಿಕರ ನಡುವೆ ಗಾಲಿಕುರ್ಚಿಯ ಬಾಸ್ಕೆಟ್‌ಬಾಲ್ ಕಲಿತು, ರೇಡಿಯೋ ರಿಪೇರಿ ಕಲಿಯಲೆಂದು ಇಲ್ಲಿಗೆ ಬಂದಿದ್ದ. ರೇಡಿಯೋ ಕಲಿಯುವುದಕ್ಕಿಂತ ಹೆಚ್ಚಾಗಿ ನಮಗೆ ಆಟ ಕಲಿಸಿದ. ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಸಿಮೆಂಟಿನ ಅಂಗಳವೇ ಮೈದಾನ. ಗುಲ್ಬರ್ಗಾ ಕಡೆಯ ವೆಲ್ಡರ್ ಬಾಷಾ, ಮಲಾಡಿನ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ತೊಲೆ ಬೆನ್ನ ಮೇಲೆ ಬಿದ್ದು ಬಂದವನು, ಕುರ್ಚಿಯಲ್ಲಿ ಕೂತೇ ಚೆಂಡು ಹಾಕಲು ಎರಡು ಕಬ್ಬಿಣದ ಬಳೆ ಬೆಸೆದುಕೊಟ್ಟ. ಅವನ್ನು ಕಂಬಕ್ಕೆ ಏರಿಸಿದೆವು. ಒಂದೊಂದು ಕಡೆ ಐದೈದು ಜನ. ತಲೆಯ ಮೇಲೆ ವಿಮಾನ ಇಳಿಯುವಾಗ ಸೀಟಿ ಕೇಳಿಸುತ್ತಿರಲಿಲ್ಲ. ಫೌಲ್ ಮಾಡುವ ಮನಸ್ಸಿದ್ದವರು ವಿಮಾನಕ್ಕೆ ಕಾಯುತ್ತಿದ್ದರು.

ಚೆನ್ನಯ ನಮಗೆ ಹಾಕಿಕೊಟ್ಟ ಒಂದು ಕಟ್ಟುಪಾಡಿತ್ತು. ಆಟಕ್ಕೆ ಮೊದಲು ಪ್ರತಿಯೊಬ್ಬನ ಪಾದಗಳನ್ನೂ ಕುರ್ಚಿಯ ಕಾಲುಹಲಗೆಗೆ ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು. ಕಟ್ಟುವವನು ಎದುರು ತಂಡದವನೇ ಆಗಿರಬೇಕು. ನಾವು ನಕ್ಕಾಗ ಅವನು ಹೇಳಿದ್ದು ನೆನಪಿದೆ: "ನಿಮ್ಮ ಕಾಲಿಗೆ ಏನಾಯ್ತು ಅಂತ ನಿಮಗೆ ಗೊತ್ತಾಗ್ಲಿಕ್ಕುಂಟಾ ಮಾಸ್ಟ್ರೇ? ಇಲ್ಲ. ಹಾಗಾದ್ರೆ ಯಾರು ನೋಡುವುದು? ಆಟದಲ್ಲಿ ನಿಮ್ಮನ್ನೇ ನೋಡ್ತಾ ಇರುವವ ಯಾರು? ಎದುರಿನವ. ಅವನೇ ಕಟ್ಟಲಿ, ಅವನೇ ನೋಡ್ಲಿ." ಹೀಗೆ ನಾವು ಯಾರನ್ನು ಸೋಲಿಸಬೇಕಾಗಿತ್ತೋ ಅವರ ಕಾಲಿನ ಜವಾಬ್ದಾರಿ ನಮ್ಮದಾಯಿತು. ಬರಿಗಾಲನ್ನು ಎತ್ತಿ, ಹಲಗೆಯ ಮೇಲಿಟ್ಟು, ಬೆರಳುಗಳನ್ನು ಬಿಡಿಸಿ ನೋಡಿ, ಪಟ್ಟಿ ಕಟ್ಟಿ, "ಹೂಂ, ಹೋಗು," ಅನ್ನುತ್ತಿದ್ದೆವು. ಮಧ್ಯೆ ಪಾದ ಜಾರಿದರೆ ಕೂಗಿ ಆಟ ನಿಲ್ಲಿಸುವವನೂ ಅವನೇ. ಚೆನ್ನಯ ಕೆಲಸ ಸಿಕ್ಕಿ ಊರಿಗೆ ಹೋದ ಮೇಲೂ ಇದನ್ನು ನಾವು ಬಿಡಲಿಲ್ಲ.

ಈಗ ಮರೆಪ್ಪನ ವಿಷಯ. ರಾಯಚೂರು ಕಡೆಯವನು, ಗೋರೆಗಾಂವಿನಲ್ಲಿ ಏಳುತ್ತಿದ್ದ ಬಿಲ್ಡಿಂಗಿನ ಬಿದಿರಿನ ಅಟ್ಟಣೆಯಿಂದ ಬಿದ್ದವನು. ಬಂದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಯಾರ ಜೊತೆಗೂ ಮಾತಿಲ್ಲ. ಹೆಂಡತಿ ಹಾಲವ್ವ ಪ್ರತಿ ಭಾನುವಾರ ಬಂದು, ತಾನೇ ಮಾತಾಡಿ, ತಾನೇ ಉತ್ತರ ಹೇಳಿಕೊಂಡು ಹೋಗುತ್ತಿದ್ದಳು. ಒಂದು ದಿನ ಬಾಷಾ ಅವನನ್ನು ಹೇಗೋ ಕುರ್ಚಿಗೆ ಹತ್ತಿಸಿ ಅಂಗಳಕ್ಕೆ ತಂದು ತೊಡೆಯ ಮೇಲೆ ಚೆಂಡು ಹಾಕಿದ. ಸ್ವಲ್ಪ ಹೊತ್ತಿಗೆ ನಮ್ಮೆದುರಿಗೇ ದೊಡ್ಡ ಜಗಳ ಶುರುವಾಯಿತು.

"ಏ ಬಾಷಾ, ನನ್ನ ಗಾಲಿಗೆ ಗಾಲಿ ಹಚ್ಚಿದಿ! ಫೌಲ್ ಐತಿ ಇದು!"

"ಫೌಲ್ ಕೈಕೂ ಜೀ? ನಾ ಸೀದಾ ಹೊಂಟಿದ್ದೆ, ಅಡ್ಡ ಬಂದವ ನೀನು!"

"ಸುಳ್ಳ ಹೇಳಬ್ಯಾಡ, ಮಾಸ್ತರ ನೋಡ್ಯಾರ! ಹೇಳ್ರಿ ಮಾಸ್ತರ!"

ತಿಂಗಳುಗಟ್ಟಲೆ ಮೌನವಾಗಿದ್ದ ಮನುಷ್ಯ ನನ್ನೊಡನೆ ಆಡಿದ ಮೊದಲ ಮಾತು ಅದು. ಅಂದಿನಿಂದ ಅವನನ್ನು ಹಿಡಿಯುವವರಿರಲಿಲ್ಲ. ಇನ್ನೊಂದು ಮಾತನ್ನು ಗಮನಿಸಬೇಕು. ಚೆಂಡಿಗೆ ಚಾಚಬೇಕಾದರೆ ಕೈಯೂರಿ ಮೈ ಎತ್ತಲೇಬೇಕು, ವಾಲಬೇಕು, ತಿರುಗಬೇಕು. 'ಆಗಾಗ ಮೈ ಎತ್ತಿರಪ್ಪಾ' ಎಂದು ಡಾಕ್ಟರು ಗೋಗರೆದಾಗ ಎತ್ತದ ಸೋಮಾರಿಗಳು, ಚೆಂಡಿನ ಆಸೆಗೆ ಲೆಕ್ಕವಿಲ್ಲದಷ್ಟು ಸಲ ಎತ್ತಿದರು. ಆಟ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ತಂಡದ ಒಬ್ಬನಿಗೂ ಬೆನ್ನಹುಣ್ಣು ಆಗಲಿಲ್ಲ. ನಮ್ಮ ಪಾಲಿಗೆ ಆಟವೆಂದರೆ ಇದು. ತಾವು ಆದೇಶದಲ್ಲಿ ಇದನ್ನು 'ಮನರಂಜನೆ' ಎಂದು ಕರೆದಿದ್ದೀರಿ.

ಇನ್ನು ತಾವು ಬಂದ ದಿನ. ಬರುವ ಮುಂಚೆ ತಮ್ಮ ಕಚೇರಿಯಿಂದ, ಆಟಗಾರರು ಶಿಸ್ತಾದ ಉಡುಪಿನಲ್ಲಿರತಕ್ಕದ್ದು ಎಂದು ಹುಕುಂ ಬಂತು, ಜೊತೆಗೆ ಹೊಸ ಬಿಳಿ ಕ್ಯಾನ್ವಾಸ್ ಬೂಟುಗಳು ಬಂದವು. ನಡೆಯದ ಕಾಲಿಗೆ ಬೂಟು! ಅವು ಸವೆಯುವುದಿಲ್ಲವೆಂಬ ದೂರದೃಷ್ಟಿ ಇದ್ದಿರಬೇಕು. ನಾವು ಕಾಲು ಕಟ್ಟುತ್ತಿದ್ದ ಪಟ್ಟಿಗಳು ಹಾಲವ್ವ ತನ್ನ ಹಳೆಯ ಸೀರೆ ಹರಿದು ತಂದುಕೊಟ್ಟವು. ಅವನ್ನು ನೋಡಿ ನಮ್ಮ ಮೇಲ್ವಿಚಾರಕರಿಗೆ ಕಸಿವಿಸಿಯಾಯಿತು. ಸಾಹೇಬರ ಮುಂದೆ ಈ ಚಿಂದಿ ಕಟ್ಟಿಕೊಂಡು ಕೂರುತ್ತೀರಾ ಎಂದು ಎಲ್ಲವನ್ನೂ ಒಳಗೆ ತೆಗೆದಿಡಿಸಿದರು. ನಮ್ಮನ್ನು ಬಿಸಿಲಿನಲ್ಲಿ ಎರಡು ಸಾಲಾಗಿ ನಿಲ್ಲಿಸಿದರು. ನಿಲ್ಲಿಸಿದರು ಎನ್ನುವುದೂ ಅಭ್ಯಾಸವೇ. ತಾವು ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಬಂದಿರಿ. ಹಾರ, ಸ್ವಾಗತ, ಭಾಷಣ. ಆಮೇಲೆ ಗಡಿಯಾರ ನೋಡಿಕೊಂಡು, "ಶುರು ಮಾಡ್ರಿ, ಶುರು ಮಾಡ್ರಿ, ನನಗ ಇನ್ನೊಂದ್ ಕಡೆ ಹೋಗೋದದ," ಎಂದಿರಿ.

ಬಾಷಾ ಕೈ ಎತ್ತಿದ. "ಸಾಬ್, ಜರಾ ಠೈರೋ, ಕಾಲು ಕಟ್ಟೋದೈತಿ," ಎಂದ. ಮೇಲ್ವಿಚಾರಕರು ಕಣ್ಣು ಬಿಟ್ಟರು. ಸೀಟಿ ಊದಿಯಾಯಿತು. ಬಾಷಾ ಎದುರು ಸಾಲಿನಲ್ಲಿದ್ದ ಮರೆಪ್ಪನ ಕಾಲು ನೋಡಿದ. ಜೋಡಿ ಬೂಟು ಹಲಗೆಯ ಮೇಲೆ ಅಂಗಡಿಯ ಕಪಾಟಿನಲ್ಲಿಟ್ಟಷ್ಟು ಅಚ್ಚುಕಟ್ಟಾಗಿ ಕೂತಿತ್ತು. ಸರಿ ಇದೆ ಅನ್ನಿಸಿತು ಅವನಿಗೆ. ನಾನು ನೋಡಬೇಕಾದವನ ಬೂಟನ್ನು ನಾನೂ ನೋಡಿದೆ, ನನಗೂ ಸರಿ ಅನ್ನಿಸಿತು. ಕಣ್ಣನ್ನೇ ನಂಬಿ ಬದುಕುವ ಜನ ಬೂಟನ್ನು ನಂಬಿ ಮೋಸಹೋದೆವು. ಒಳಗಿನ ಪಾದ ಬೂಟಿನ ಸಮೇತ ಯಾವಾಗ ಜಾರಿತೋ, ಯಾವಾಗ ಹಲಗೆಯ ಹಿಂದೆ ಬಿದ್ದು ಸಿಮೆಂಟಿನ ಮೇಲೆ ಎಳೆಯತೊಡಗಿತೋ, ಯಾರಿಗೆ ಗೊತ್ತು? ಮರೆಪ್ಪನಿಗಂತೂ ಗೊತ್ತಾಗುವಂತಿರಲಿಲ್ಲ. ಅವನು ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡಿದ, ತಿರುಗಿದ, ನುಗ್ಗಿದ. ಬೂಟಿನ ತುದಿ ಸವೆದು, ಬೆರಳು ಸವೆದು, ಹಿಂದೆ ಕೆಂಪು ಗೆರೆ ಬಿದ್ದಿತ್ತು. ಅವನು ಅಂದಿನ ಅತಿ ಚಂದದ ಬಾಸ್ಕೆಟ್ ಹಾಕಿದ್ದೂ ಆಗಲೇ. ಜನ ಚಪ್ಪಾಳೆ ಹೊಡೆದರು. ತಾವು ಎದ್ದು ನಿಂತಿರಿ. ಅದು ಮೆಚ್ಚುಗೆಯೆಂದು ತಿಳಿದು ಮರೆಪ್ಪ ತಮ್ಮ ಕಡೆ ತಿರುಗಿ ಕೈ ಮುಗಿದ.

ತಾವು ರಕ್ತ ನೋಡಿ ಎದ್ದವರು ಎಂದು ಆಮೇಲೆ ತಿಳಿಯಿತು. ನೋಡಿದ್ದಕ್ಕೆ ನಿಜವಾಗಿಯೂ ಋಣಿಗಳು. ಅಲ್ಲಿದ್ದವರಲ್ಲಿ ಮೊದಲು ಕಂಡವರು ತಾವೇ. "ಇದು ಆಟ ಅಲ್ಲ, ಕ್ರೌರ್ಯ," ಎಂದು ಹೇಳಿ ಕಾರು ಹತ್ತಿದಿರಿ. ಮೂರನೆಯ ದಿನ ಆದೇಶ ಬಂತು. ಕುರ್ಚಿಗಳು ಸ್ಟೋರಿಗೆ ಹೋದವು. ಎಕ್ಸ್‌ರೇಗೆ ಕರೆದೊಯ್ಯುವಾಗ, ಡಾಕ್ಟರು ಬರೆದುಕೊಟ್ಟರೆ, ಒಂದನ್ನು ಬಿಡಿಸಿ ತರುತ್ತಾರೆ. ಕೆಲಸ ಮುಗಿದ ಮೇಲೆ ವಾಪಸು.

ಮಾನ್ಯರೇ, ಒಂದು ಸಂದೇಹ ಕೇಳುತ್ತೇನೆ. ನಾನು ಬಿದ್ದ ಮರುದಿನ ಲೋಕಲ್ ನಿಲ್ಲಿಸಿದರೇ? ಅದೇ ಬಾಗಿಲಲ್ಲಿ ಇನ್ನೊಬ್ಬ ಜೋತುಬಿದ್ದಿದ್ದ. ಮರೆಪ್ಪ ಬಿದ್ದ ಬಿಲ್ಡಿಂಗಿನ ಕೆಲಸ ನಿಂತಿತೇ? ಅದು ಪೂರ್ತಿಯಾಗಿ, ಬಣ್ಣ ಬಳಿದು, ಬಾಲ್ಕನಿಗಳಲ್ಲಿ ಸೀರೆ ಒಣಗುತ್ತಿವೆ. ಬಾಷಾನ ಬೆನ್ನು ಮುರಿದ ಕಾರ್ಖಾನೆಯಲ್ಲಿ ಪಾಳಿಗೆ ಕರೆಯುವ ಭೋಂಗಾ ಇವತ್ತು ಬೆಳಿಗ್ಗೆಯೂ ಕೂಗಿರಬೇಕು. ನಮ್ಮ ಮೂವರನ್ನೂ ಕೆಡವಿದ್ದೆಲ್ಲ ಸಾಂಗವಾಗಿ ನಡೆದಿದೆ, ಅದಕ್ಕೆ ಯಾರ ಕ್ಷೇಮದ ದೃಷ್ಟಿಯೂ ತಗಲಲಿಲ್ಲ. ಈ ಮುಂಬಯಿಯಲ್ಲಿ ಅಪಾಯವೆಂದು ನಿಂತದ್ದು ಒಂದೇ, ಹತ್ತು ಜನ ಕುಂಟರು ಬಟ್ಟೆ ಒಣಗಿಸುವ ಅಂಗಳದಲ್ಲಿ ಆಡುತ್ತಿದ್ದ ಚೆಂಡಾಟ. ಕಾಲು ಕಟ್ಟದಿದ್ದದ್ದು ತಪ್ಪಾದರೆ ಕಟ್ಟಿಸಿ. ಬೂಟು ಕೊಟ್ಟದ್ದು ತಪ್ಪಾದರೆ ಬೂಟು ಹಿಂದಕ್ಕೆ ಪಡೆಯಿರಿ, ಒಂದು ಜೊತೆ ಬಿಟ್ಟು ಉಳಿದವು ಹೊಸದರಂತೆಯೇ ಇವೆ. ಆಟಕ್ಕೆ ಏಕೆ ಶಿಕ್ಷೆ?

ಮರೆಪ್ಪನ ಬೆರಳಿನ ಗಾಯ ಮಾಯ್ದಿದೆ. ಇದನ್ನು ತಮ್ಮ ವರದಿಯಲ್ಲಿ ಸೇರಿಸಿಕೊಳ್ಳಬಹುದು. ಅದು ಮಾಯುವಷ್ಟರಲ್ಲಿ ಅವನ ಬೆನ್ನಿನ ಬುಡದಲ್ಲಿ, ಬಾಲಮೂಳೆಯ ಮೇಲೆ, ಹುಣ್ಣಾಯಿತು. ಅದನ್ನೂ ಸೇರಿಸಿಕೊಳ್ಳಿ. ಹೊರಳಿಸಲು ಆಯಾಗಳು ಸಾಕಾಗುವುದಿಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ಈಗ ಹುಣ್ಣಿನಲ್ಲಿ ಕೀವಾಗಿದೆ, ಜ್ವರ ಇಳಿಯುತ್ತಿಲ್ಲ. ಅವನು ಮತ್ತೆ ಗೋಡೆಯ ಕಡೆ ತಿರುಗಿದ್ದಾನೆ. ಅವನ ಮಂಚದ ಕಡೆಯಿಂದ ಗಾಳಿ ಬೀಸಿದಾಗ ನನಗೆ ಆ ಹಮಾಲನ ವಾಸನೆ ಬರುತ್ತದೆ. 

ಪತ್ರ ಬರೆಯುತ್ತೇನೆಂದಾಗ ಮರೆಪ್ಪ ಬೇಡವೆಂದ. "ನನ್ನ ಹೆಸರ ಹಾಕಬ್ಯಾಡ್ರಿ ಮಾಸ್ತರ. ಸಿಟ್ಟಾಗಿ ಹೊರಗ ಹಾಕಿದ್ರ ಈಕಿ ಎಲ್ಲಿ ಇಟ್ಕೋತಾಳ್ರೀ ನನ್ನ? ಝೋಪಡ್ಯಾಗ ನೆಲಾ ಹಸಿ ಐತಿ." ಈ ಭಯ ನನಗೂ ಇದೆ. ನನ್ನ ಮನೆ ಮಲಾಡಿನ ಚಾಳಿನ ಮೂರನೇ ಮಾಳಿಗೆಯಲ್ಲಿದೆ, ಪಾಯಖಾನೆ ಕೆಳಗಡೆ. ತಾವು ಒಂದು ಸಹಿ ಹಾಕಿ 'ಡಿಸ್ಚಾರ್ಜ್' ಅಂದರೆ ನನ್ನನ್ನು ಮೇಲೆ ಹೊತ್ತೊಯ್ಯುವವರು ಒಂದು ದಿನ ಹೊರುತ್ತಾರೆ, ಮರುದಿನ ಕೆಳಗಿಳಿಸುವವರು ಯಾರು? ನಾನು ಸುಮ್ಮನಾಗಿಬಿಡುವವನಿದ್ದೆ. ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತಿದ್ದ ಹಾಲವ್ವ ಗಂಡನ ಮಾತನ್ನು ಅರ್ಧಕ್ಕೇ ತಡೆದಳು.

"ಹೆಸರ ಹಾಕ್ರಿ ಮಾಸ್ತರ. ನನ್ನ ಹೆಸರೂ ಹಾಕ್ರಿ. ಕಾಲಾಗಿನ ರಕ್ತ ನೋಡಿ ಹೆದರಿದ್ರಂತ ಸಾಹೇಬ್ರು. ಬೆನ್ನ ನೋಡಾಕ ಬರ್ಲಿ. ನಾ ಅರಿವಿ ಸರಿಸಿ ತೋರಸ್ತೀನಿ. ನಿಂತ ನೋಡ್ಲಿ, ಮೂಗ ಮುಚ್ಕೊಳ್ಳದ ನೋಡ್ಲಿ."

ಅವಳ ಮಾತನ್ನು ಇದ್ದ ಹಾಗೆಯೇ ಬರೆದಿದ್ದೇನೆ. ವ್ಯಾಕರಣ ತಿದ್ದಲು ಮನಸ್ಸಾಗಲಿಲ್ಲ.

ಇಷ್ಟು ಬರೆದು ನಿನ್ನೆ ಮುಗಿಸಬೇಕೆಂದಿದ್ದೆ. ಇವತ್ತು ಬೆಳಿಗ್ಗೆ ಆಯಾ ನಾಗವ್ವ ಮೈ ಒರೆಸಲು ಬಂದು ನನ್ನನ್ನು ಮಗ್ಗುಲಿಗೆ ಹೊರಳಿಸಿದಳು. ಒರೆಸುವುದನ್ನು ಅರ್ಧಕ್ಕೇ ಬಿಟ್ಟಳು. ಬಟ್ಟೆ ಬಕೆಟ್ಟಿಗೆ ಹಾಕಿ ಸಿಸ್ಟರನ್ನು ಕರೆಯಲು ಹೋದಳು. ನನ್ನ ಬೆನ್ನು ಪಕ್ಕದ ಮಂಚದ ಬಾಷಾನ ಕಡೆಗಿತ್ತು. ಗೋಡೆ ನೋಡುತ್ತಲೇ ಕೇಳಿದೆ.

"ಏನೈತೋ ಬಾಷಾ ಅಲ್ಲಿ?"

"ಕುಛ್ ನೈ ಮಾಸ್ತರ್, ಏನಿಲ್ಲ."

"ಖರೇ ಹೇಳು."

"ಕುಛ್ ನೈ ಬೋಲ್ಯಾ ನಾ. ಜರಾ ಕೆಂಪಗ ಐತಿ. ಡರೋ ನಕ್ಕೋ, ಹೆದರಬ್ಯಾಡ್ರಿ."

ಆಮೇಲೆ ಅವನು ತನ್ನ ಊರಿನ ಯಾರದೋ ಮದುವೆಯ ಕಥೆ ಹೇಳತೊಡಗಿದ. ಅವನು ಎರಡು ವರ್ಷದಿಂದ ನನ್ನ ಎದುರು ಆಡಿದವನು, ಯಾವ ಕಡೆ ತಿರುಗುತ್ತಾನೆಂದು ಅವನ ಭುಜ ನೋಡಿ ಹೇಳಬಲ್ಲೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಷ್ಟು ಅಗಲವಿದೆ ಎಂದು ನಾನು ಕೇಳಲಿಲ್ಲ. ಕೈ ಹಿಂದೆ ಚಾಚಿ ಮುಟ್ಟಿ ನೋಡಿದೆ. ಬೆರಳಿಗೆ ಬೆನ್ನು ಸಿಕ್ಕಿತು, ಬೆನ್ನಿಗೆ ಬೆರಳು ಸಿಗಲಿಲ್ಲ.

ಆದ್ದರಿಂದ ವಾದ ಸಾಕು ಮಾಡುತ್ತೇನೆ. ಆದೇಶ ತಪ್ಪಾಯಿತೆಂದು ತಾವು ಹೇಳಬೇಕಾಗಿಲ್ಲ, ಸಮಿತಿ ಮಾಡಬೇಕಾಗಿಲ್ಲ, ಕಾರಿನಲ್ಲಿ ಇಷ್ಟು ದೂರ ಬರಬೇಕಾಗಿಯೂ ಇಲ್ಲ. ಸ್ಟೋರಿನ ಬೀಗ ತೆಗೆಯಲು ಫೋನಿನಲ್ಲಿ ಒಂದು ಮಾತು ಹೇಳಿ. ವಾರದೊಳಗೆ ಎಂದು ನಾವು ಮೊದಲ ಅರ್ಜಿಯಲ್ಲಿ ಬರೆದಿದ್ದೆವು. ಈಗ ನಾಳೆ ಎಂದು ಬರೆಯುತ್ತಿದ್ದೇನೆ. ದಯವಿಟ್ಟು ನಾಳೆಯೇ ಹೇಳಿ. ಕೆಂಪಗಿರುವ ಚರ್ಮ ಇನ್ನೂ ಮೊದಲಿನಂತಾಗಬಹುದು ಎನ್ನುತ್ತಾರೆ ಸಿಸ್ಟರ್, ಎದ್ದು ಕೂರುವುದಕ್ಕೆ ಬಿಟ್ಟರೆ.

ಇಂತಿ,
ತಮ್ಮ ಕಡೆಯವನೇ ಆದ, ತಾವು ಕ್ಷೇಮವಾಗಿ ಮಲಗಿಸಿದ
ಗದಿಗೆಪ್ಪ ಮಾಸ್ತರ
ಸಾಂತಾಕ್ರೂಜ್, ಮುಂಬಯಿ, ೧೯೭೪

(ಮರೆಪ್ಪನ ಪರವಾಗಿ ಹೆಂಡತಿ ಹಾಲವ್ವನ ಹೆಬ್ಬೆಟ್ಟು ಈ ಪತ್ರದ ಕೈಬರಹದ ಪ್ರತಿಯ ಮೇಲಿದೆ. ಹೆಂಡತಿಯ ಮಾತಿಗೆ ಕೊನೆಗೆ ಒಪ್ಪಿ ಅವನೇ ಒತ್ತುವವನಿದ್ದ. ಇವತ್ತು ಅವನಿಗೆ ಎಚ್ಚರವಿಲ್ಲ.)